ಬಲ್ಮಠದ ಭಂಡಾರ ಊರಿನ ಚರ್ಚ್ ಸಭೆಗಳಿಗೂ ಸಿಗಲಿ

ಮಾನ್ಯರೇ,

ದೇವಶಾಸ್ತ್ರ ಕಾಲೇಜು ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಜಾಗ, ಅಷ್ಟೇ ಅಂತ ನಮ್ಮಲ್ಲಿ ಜಾಸ್ತಿ ಜನ ತಿಳಿದಿದ್ದಾರೆ. ಆದರೆ ಅಷ್ಟೇ ಅಲ್ಲ, ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರವನ್ನೇ (ಹಳೆಯ ಪುಸ್ತಕ, ದಾಖಲೆಗಳ ಸಂಗ್ರಹ) ನೋಡಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್ ಕಾಲದ ಕನ್ನಡ, ತುಳು ಪುಸ್ತಕಗಳು ಅಲ್ಲಿವೆ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್, ಇಬ್ಬರೂ ಇದೇ ಮಿಶನ್ನಿನವರು. ಸಂಶೋಧಕರು ಇಂಥ ಪುಸ್ತಕ ಹುಡುಕಿಕೊಂಡು ಬರುತ್ತಾರೆ, ಸಂತೋಷ. ಆದರೆ ಭಾನುವಾರ ಚರ್ಚಿನಲ್ಲಿ ಪ್ರಸಂಗ (ಉಪದೇಶ) ಮಾಡುವ ಹಳ್ಳಿಯ ಸಭಾಪಾಲಕರಿಗೂ, ಅಂದರೆ ಪಾದ್ರಿಗಳಿಗೂ ಅದು ಬೇಕಲ್ವಾ?

ಯೇಸುವಿನ ಕಥೆಯನ್ನು ಕಿಟೆಲ್ ಕನ್ನಡದ್ದೇ ಛಂದಸ್ಸಿನಲ್ಲಿ ಬರೆದಿದ್ದರು, ಅದನ್ನು ರಾಗ ಹಾಕಿ ಹಾಡಿಸಿದರೆ ಗಿಟಾರು, ಕೀಬೋರ್ಡಿನ ಗದ್ದಲದ ನಡುವೆಯೂ ಅಜ್ಜಿಯಂದಿರು ತಲೆದೂಗುತ್ತಾರೆ ಅನ್ನೋದು ನನ್ನ ನಂಬಿಕೆ. (ಗಿಟಾರಿನ ಮೇಲೆ ನನಗೇನೂ ಸಿಟ್ಟಿಲ್ಲ.)

ಸೇವೆ ಅಂದರೆ ಬರೀ ಪ್ರಸಂಗವೂ ಅಲ್ಲ. ಸಾಲಕ್ಕೆ ಸಿಕ್ಕಿದ ರೈತ, ಕುಡುಕ ಗಂಡನ ಕಾಟಕ್ಕೆ ಬೇಸತ್ತ ಹೆಂಗಸು, ಎಲ್ಲರೂ ಮೊದಲು ಪಾದ್ರಿಯ ಬಾಗಿಲನ್ನೇ ತಟ್ಟುತ್ತಾರೆ. ಆಪ್ತಸಲಹೆ, ಮಹಿಳಾ ಅಧ್ಯಯನ, ಬೇರೆ ಧರ್ಮದವರೊಡನೆ ಸಂವಾದ, ಇವುಗಳಿಗೆ ಕಾಲೇಜುಗಳಲ್ಲಿ ಪ್ರತ್ಯೇಕ ಕೇಂದ್ರಗಳು ಇರಬೇಕಾದ್ದು ಅದಕ್ಕೇ. ಪದವಿಗೆ ಓದುವವರಿಗೆ ಮಾತ್ರ ಅಂತ ಸುಮ್ನೆ ಬೇಲಿ ಹಾಕಬೇಡಿ. ಸಂಡೇ ಸ್ಕೂಲ್ ಟೀಚರ್‌ಗಳಿಗೆ, ಸಭೆಯ ಹಿರಿಯರಿಗೆ ರಜಾದಿನಗಳಲ್ಲಿ ಕನ್ನಡದಲ್ಲೇ ಪುಟ್ಟ ತರಬೇತಿ ಕೊಡಿ. ಹಳೆಯ ಹಾಡುಗಳನ್ನು ಸ್ಕ್ಯಾನ್ ಮಾಡಿ ಸಭೆಗಳ ಮೊಬೈಲಿಗೇ ಕಳಿಸಿ. ಖರ್ಚಿಗೆ ಸಭೆಗಳೂ ಕೈ ಜೋಡಿಸಬೇಕು. ಹೊಸ ಗೋಪುರಕ್ಕೆ ಚಂದಾ ಎತ್ತೋದು ನಮಗೆ ಗೊತ್ತೇ ಇದೆ, ಒಂದು ವರ್ಷ ಇದಕ್ಕೂ ಎತ್ತೋಣ.

– ಓದುಗ, ಮಂಗಳೂರು