ಹಂಚಿನ ಮಾಡಿಗೆ (ಛಾವಣಿಗೆ) ಫೋಮ್ ಸಿಂಪಡಿಸಿ ಹಳೆಯ ಮನೆಗೆ ಹಾನಿ ಮಾಡಿರುವ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ
ಬೆಂಗಳೂರು

ವಿಷಯ: ಮಾಡಿನ ಒಳಮೈಗೆ ಹಾಕಿದ ಫೋಮ್ ತೆಗೆದು, ಅದಕ್ಕಾಗಿ ಪಡೆದ ಹಣ ಹಿಂದಿರುಗಿಸುವ ಕುರಿತು

ಮಾನ್ಯರೇ,

ಸಾಗರ ತಾಲ್ಲೂಕಿನಲ್ಲಿರುವ ನಮ್ಮ ಹಿರಿಯರ ಕಾಲದ ಹಂಚಿನ ಮನೆಯಲ್ಲಿ ಬೇಸಿಗೆಯ ಸೆಕೆಯನ್ನೂ ವಿದ್ಯುತ್ ಬಳಕೆಯನ್ನೂ ತಗ್ಗಿಸಿಕೊಡುವುದಾಗಿ ಒಪ್ಪಿಕೊಂಡು ತಮ್ಮ ಸಂಸ್ಥೆಯು ಕಳೆದ ಏಪ್ರಿಲ್‌ನಲ್ಲಿ ಮಾಡಿದ ಕೆಲಸದ ಬಗ್ಗೆ ಈ ದೂರು ಸಲ್ಲಿಸುತ್ತಿದ್ದೇನೆ. ದೂರವಾಣಿಯಲ್ಲಿ ಹಲವು ಸಲ ತಿಳಿಸಿದರೂ ಇಂಜಿನಿಯರ್ ಬಂದು ನೋಡುತ್ತಾರೆ ಎಂಬುದರ ಹೊರತು ಬೇರೆ ಉತ್ತರ ಬಾರದ ಕಾರಣ, ಎಲ್ಲವನ್ನೂ ಲಿಖಿತವಾಗಿಯೇ ತಮ್ಮ ಮುಂದಿಡಬೇಕಾಗಿದೆ.

ಹಳೆಯ ಫ್ಯಾನ್‌ಗಳನ್ನು ತೆಗೆದು ಕಡಿಮೆ ವಿದ್ಯುತ್ ಬಳಸುವ ಬಿಎಲ್‌ಡಿಸಿ ಫ್ಯಾನ್ ಹಾಕಿದ್ದಕ್ಕೆ ನಮ್ಮ ತಕರಾರಿಲ್ಲ. ಮೊದಲು ಸುಮಾರು 75 ವ್ಯಾಟ್ ಎಳೆಯುತ್ತಿದ್ದ ಜಾಗದಲ್ಲಿ ಈಗ 30 ವ್ಯಾಟ್ ಆಸುಪಾಸಿನಲ್ಲಿ ಅಷ್ಟೇ ಗಾಳಿ ಬರುತ್ತಿದೆ. ಎಲ್‌ಇಡಿ ದೀಪಗಳೂ ಸರಿಯಾಗಿವೆ. ತಕರಾರು ಇರುವುದು ಮಾಡಿನ ವಿಷಯದಲ್ಲಿ. ಸ್ಥಳ ಪರಿಶೀಲನೆಗೆ ಬಂದ ತಮ್ಮ ಪ್ರತಿನಿಧಿಗೆ ಇದು ಮಂಗಳೂರು ಹಂಚಿನ ಮಾಡು, ಕಾಂಕ್ರೀಟ್ ತಾರಸಿಯಲ್ಲ ಎಂಬುದು ಕಣ್ಣಾರೆ ಕಂಡಿತ್ತು. ಆದರೂ ಹಂಚು, ಅದನ್ನು ಹೊರುವ ರೀಪು (ಅಡ್ಡಪಟ್ಟಿ), ಪಕಾಸು (ಇಳಿಜಾರಿನ ಮರದ ತೊಲೆ) ಎಲ್ಲವೂ ಮುಚ್ಚಿಹೋಗುವಂತೆ ಒಳಗಿನಿಂದ ಪಾಲಿಯುರಿಥೇನ್ ಫೋಮ್ (ಶಾಖ ತಡೆಯಲು ಹಾಕುವ, ಉಬ್ಬಿ ಗಟ್ಟಿಯಾಗುವ ನೊರೆ) ಸಿಂಪಡಿಸಲಾಯಿತು.

ಹಂಚು ಎಂದರೆ ಸುಟ್ಟ ಜೇಡಿಮಣ್ಣು. ಮಳೆಗಾಲದಲ್ಲಿ ಅದು ಒಂದಿಷ್ಟು ನೀರು ಕುಡಿಯುತ್ತದೆ. ಮಳೆ ಹೊಳವಾದಾಗ ಮೇಲಿನ ಬಿಸಿಲಿಗೂ ಕೆಳಗೆ ಆಡುವ ಗಾಳಿಗೂ ಆರುತ್ತದೆ. ಒಳಗಿನ ಬಿಸಿಗಾಳಿ ಮೇಲೇರಿ ಹೊರಹೋಗುವುದೂ ಹಂಚುಗಳ ನಡುವಿನ ಸಂದಿನಿಂದಲೇ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡಿನ ಊರೂರಿಗೆ ಹಬ್ಬಿದ ಈ ಮಾಡು ಇಷ್ಟು ಮಳೆಯಲ್ಲೂ ಬಾಳುತ್ತಿರುವುದಕ್ಕೆ ಹೀಗೆ ಆರುವುದೇ ಮುಖ್ಯ ಕಾರಣ. ಆ ಗಾಳಿಯನ್ನೇ ತಾವು ಮುಚ್ಚಿದಿರಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹಂಚು ಒಣಗಲಿಲ್ಲ. ನೀರು ಫೋಮ್‌ಗೂ ಹಂಚಿಗೂ ನಡುವೆ ಸೇರಿ, ರೀಪಿನ ಗುಂಟ ಹರಿದು, ಒಳಬಂದ ಜಾಗವನ್ನು ಬಿಟ್ಟು ಮತ್ತೆಲ್ಲೋ ತೊಟ್ಟಿಕ್ಕುತ್ತಿದೆ. ಬಡಗಿ ಒಂದು ಕಡೆ ಫೋಮ್ ಕೆತ್ತಿ ನೋಡಿದಾಗ ಅದರ ಹಿಂದಿನ ಪಕಾಸು ಕಪ್ಪಾಗಿತ್ತು, ಉಗುರಿನಿಂದ ಒತ್ತಿದರೆ ಮರ ಒಳಕ್ಕೆ ಕುಸಿಯುತ್ತಿತ್ತು. ಅಟ್ಟದಲ್ಲಿಟ್ಟ ಅಡಿಕೆಯ ಚೀಲಗಳಿಗೆ ಬೂಸು ಹಿಡಿದಿದೆ.

ರಿಪೇರಿಯ ದಾರಿಯೂ ಮುಚ್ಚಿದೆ. ಗಾಳಿಗೆ ಕೊಂಬೆ ಬಿದ್ದು ಹಂಚು ಒಡೆದರೆ, ಪಕ್ಕದ ಹಂಚನ್ನು ತುಸು ಎತ್ತಿ, ಒಡೆದದ್ದನ್ನು ಜಾರಿಸಿ ತೆಗೆದು ಹೊಸದನ್ನು ಸೇರಿಸುವುದು ನಮ್ಮಲ್ಲಿ ಕ್ಷಣಾರ್ಧದ ಕೆಲಸವಾಗಿತ್ತು. ಈಗ ಎಲ್ಲವೂ ಫೋಮ್‌ನಿಂದ ಅಂಟಿಕೊಂಡಿರುವುದರಿಂದ ಒಂದನ್ನು ಎತ್ತಲು ಹೋದರೆ ಸುತ್ತಲಿನ ನಾಲ್ಕು ಒಡೆಯುತ್ತವೆ. ಹಳೆಯ ಅಚ್ಚಿನ ಹಂಚು ಸುಲಭವಾಗಿ ಸಿಗುವುದಿಲ್ಲ. ಬೇರೆ ಕಾರ್ಖಾನೆಯ ಹಂಚಿನ ತೋಡು ಇದಕ್ಕೆ ಸರಿಯಾಗಿ ಕೂರುವುದೂ ಇಲ್ಲ.

ಚಾವಡಿಗೂ ಅಡುಗೆಮನೆಗೂ ಬೆಳಕು ಕೊಡುತ್ತಿದ್ದ ಗಾಜಿನ ಹಂಚುಗಳ ಮೇಲೂ ಫೋಮ್ ಬಂದಿದೆ. ಪರಿಣಾಮವಾಗಿ ವಿದ್ಯುತ್ ಉಳಿಸಲೆಂದೇ ಹಣ ಕೊಟ್ಟು ಮಾಡಿಸಿದ ಕೆಲಸದಿಂದ ನಡುಹಗಲಿನಲ್ಲೂ ದೀಪ ಹಾಕುವಂತಾಗಿದೆ. ಗೃಹಜ್ಯೋತಿ ಇದ್ದೇ ಇದೆಯಲ್ಲ, ಬಿಲ್ಲಿನ ಚಿಂತೆ ಏಕೆ ಎಂದು ತಮ್ಮ ಪ್ರತಿನಿಧಿ ಕೇಳಿದ್ದು ನನಗೆ ನೋವು ತಂದಿತು. ಆ ಯೋಜನೆಯಲ್ಲಿ ಉಚಿತವಾಗಿ ಸಿಗುವುದು ಮನೆಯ ಸರಾಸರಿ ಬಳಕೆ ಮತ್ತು ಅದರ ಮೇಲೆ ಒಂದಿಷ್ಟು ಮಾತ್ರ, ಅದೂ 200 ಯೂನಿಟ್‌ಗಳ ಮಿತಿಯೊಳಗೆ. ಮೀರಿದ್ದಕ್ಕೆ ಹಣ ಕಟ್ಟುವವರು ನಾವು. ಬಿಲ್ಲು ಯಾರೇ ಕಟ್ಟಲಿ, ವ್ಯರ್ಥವಾದ ವಿದ್ಯುತ್ ವ್ಯರ್ಥವೇ.

ಎಲ್ಲಕ್ಕಿಂತ ಗಂಭೀರವಾದುದು ಬೆಂಕಿಯ ಭಯ. ನಮ್ಮ ಬಚ್ಚಲಿನಲ್ಲಿ ಹಂಡೆಯ ನೀರು ಕಾಯುವುದು ಇಂದಿಗೂ ಸೌದೆ ಒಲೆಯಲ್ಲಿ. ಅದರ ಹೊಗೆ ಹಂಚಿನ ಸಂದಿನಿಂದ ಹೋಗುತ್ತಿತ್ತು. ಈಗ ಒಳಗೇ ಸುತ್ತುತ್ತಿದೆ. ಆ ಒಲೆಯ ನೇರ ಮೇಲಿನ ಮಾಡಿಗೂ ಯಾವ ಹೊದಿಕೆಯೂ ಇಲ್ಲದೆ ಫೋಮ್ ಬಳಿಯಲಾಗಿದೆ. ಪಾಲಿಯುರಿಥೇನ್ ಹೊತ್ತಿಕೊಳ್ಳುವ ವಸ್ತು, ಉರಿದಾಗ ವಿಷದ ಹೊಗೆ ಬಿಡುತ್ತದೆ ಎಂಬುದು ಅದನ್ನೇ ವ್ಯಾಪಾರ ಮಾಡುವ ಸಂಸ್ಥೆಗೆ ತಿಳಿಯದ ಸಂಗತಿಯಲ್ಲ. ವಯಸ್ಸಾದವರೂ ಮಕ್ಕಳೂ ಇರುವ ಮನೆಯಲ್ಲಿ ಇದನ್ನು ಒಂದು ಮಾತೂ ಹೇಳದೆ ಮಾಡಿದ್ದನ್ನು ನಾನು ಬರೀ ಅಜಾಗರೂಕತೆ ಎಂದು ಒಪ್ಪಲಾರೆ. ಆ ಒಲೆ ಹಚ್ಚುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ. ನೀರು ಕಾಯಿಸಲು ವಿದ್ಯುತ್ ಗೀಸರ್ ಬಳಸಬೇಕಾಗಿ ಬಂದಿದೆ.

ಹಂಚಿನ ಮಾಡಿಗೆ ಹೊಂದುವ ಉಪಾಯಗಳು ಇರಲಿಲ್ಲವೆಂದಲ್ಲ. ಹಂಚಿನ ಕೆಳಗೆ ಒಂದು ಇಂಚಾದರೂ ಗಾಳಿಯ ಸಂದು ಬಿಟ್ಟು ಶಾಖ ಪ್ರತಿಫಲಿಸುವ ಹಾಳೆ ಕಟ್ಟಬಹುದಿತ್ತು, ಅಥವಾ ನಮ್ಮ ಕಡೆಯ ಅನೇಕ ಮನೆಗಳಲ್ಲಿರುವಂತೆ ಕೆಳಗೊಂದು ಸಾಲು ಸೀಲಿಂಗ್ ಹಂಚು ಹೊದಿಸಬಹುದಿತ್ತು.

ಆದ್ದರಿಂದ ಒಲೆಯ ಮೇಲಿನ ಫೋಮ್ ಅನ್ನು ಮೊಟ್ಟಮೊದಲು, ಒಂದು ವಾರದೊಳಗೆ ತೆಗೆಸಬೇಕು. ಉಳಿದದ್ದನ್ನು ಈ ಪತ್ರ ತಲುಪಿದ 30 ದಿನಗಳೊಳಗೆ ತಮ್ಮ ಖರ್ಚಿನಲ್ಲಿ, ಹಂಚಿನ ಕೆಲಸ ಬಲ್ಲವರಿಂದ ತೆಗೆಸಿ, ನಾವು ಸೂಚಿಸುವ ಬಡಗಿಯಿಂದ ಮರ ಪರೀಕ್ಷಿಸಿ ಹಾಳಾದ ಪಕಾಸು, ರೀಪುಗಳನ್ನೂ ಒಡೆಯುವ ಹಂಚುಗಳನ್ನೂ ಬದಲಿಸಿಕೊಡಬೇಕು. ಮಾಡಿನ ಕೆಲಸಕ್ಕೆಂದು ಪಡೆದ ಹಣವನ್ನು ಪೂರ್ತಿ ಹಿಂದಿರುಗಿಸಬೇಕು. ಬಳಸಿದ ಫೋಮ್‌ನ ಅಗ್ನಿ ಸುರಕ್ಷತೆಯ ದಾಖಲೆಯನ್ನೂ ಕಳುಹಿಸಿಕೊಡಬೇಕು. ತಪ್ಪಿದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ತಮ್ಮ ಕಚೇರಿ ಬೆಂಗಳೂರಿನಲ್ಲಿದ್ದರೂ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ದಾಖಲಿಸಲು ಆ ಕಾಯ್ದೆ ಅವಕಾಶ ಕೊಡುತ್ತದೆ.

ಒಪ್ಪಂದದ ಪ್ರತಿ, ಹಣ ಪಾವತಿಯ ರಸೀದಿಗಳು, ಮಾಡು ಹಾಗೂ ಪಕಾಸಿನ ಛಾಯಾಚಿತ್ರಗಳು ಮತ್ತು ಬಡಗಿಯ ಲಿಖಿತ ಹೇಳಿಕೆಯನ್ನು ಲಗತ್ತಿಸಿದ್ದೇನೆ.

ಇಂತಿ,
ದೂರುದಾರರು
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ