ಎರಡನೇ ಟಿ.ವಿ.ಗೆ ಇನ್ನೊಂದು ಡಿಶ್ ಬೇಕಿಲ್ಲ

ಮಾನ್ಯ ಸಂಪಾದಕರೇ,

ದಾವಣಗೆರೆಯ ನಿಟ್ಟುವಳ್ಳಿ ಭಾಗದಲ್ಲಿ ಮಹಡಿಗೊಂದು ಟಿ.ವಿ. ಇರುವ ಮನೆಗಳವರು ಎರಡನೇ ಸಂಪರ್ಕ ಕೇಳಿದರೆ, ಕೆಲವು ತಂತ್ರಜ್ಞರು ತಾರಸಿಯ ಮೇಲೆ ಮತ್ತೊಂದು ಡಿಶ್ ಕೂರಿಸಲು ಒತ್ತಾಯಿಸುತ್ತಾರೆ. ಇದು ಅನಗತ್ಯ ಖರ್ಚು. ಸೆಟ್‌ಟಾಪ್ ಬಾಕ್ಸ್ ಕಳುಹಿಸುವ 13 ಅಥವಾ 18 ವೋಲ್ಟ್ ವಿದ್ಯುತ್ತಿಗೆ ಅನುಗುಣವಾಗಿ ಡಿಶ್‌ನ ಎಲ್‌ಎನ್‌ಬಿ (ಡಿಶ್‌ನ ಮುಂದಿರುವ, ಉಪಗ್ರಹದ ಸಂಕೇತ ಹಿಡಿಯುವ ಭಾಗ) ಒಂದು ಕೇಬಲ್‌ಗೆ ಒಮ್ಮೆಗೆ ಒಂದು ಬಗೆಯ ಸಂಕೇತವನ್ನಷ್ಟೇ ಆಯ್ಕೆ ಮಾಡಿ ಕೊಡುವುದರಿಂದ, ಒಂದೇ ಕೇಬಲನ್ನು ಎರಡಾಗಿ ಕವಲೊಡೆಸುವ ಸಾದಾ ಸ್ಪ್ಲಿಟರ್ ಹಾಕಿದರೆ ಒಂದು ಕೋಣೆಯಲ್ಲಿ ಚಾನೆಲ್ ಬದಲಿಸಿದಾಗ ಇನ್ನೊಂದರಲ್ಲಿ ಚಿತ್ರ ಹೋಗಬಹುದು, ನಿಜ. ಆದರೆ ಎರಡು ಅಥವಾ ನಾಲ್ಕು ಕೇಬಲ್ ಜೋಡಿಸಬಲ್ಲ ಎಲ್‌ಎನ್‌ಬಿ ಅಳವಡಿಸಿ, ಪ್ರತಿ ಬಾಕ್ಸ್‌ಗೂ ಬೇರೆ ಕೇಬಲ್ ಎಳೆದರೆ ಅದೇ ಡಿಶ್ ಸಾಕಾಗುತ್ತದೆ.

ಹೆಚ್ಚುವರಿ ಟಿ.ವಿ.ಯ ನೆಟ್‌ವರ್ಕ್ ಶುಲ್ಕ (ಚಾನೆಲ್ ದರದ ಹೊರತಾಗಿ ಸಂಪರ್ಕಕ್ಕೆ ಕೊಡುವ ಮಾಸಿಕ ಶುಲ್ಕ) ಮೊದಲ ಸಂಪರ್ಕದ ಶೇ 40ನ್ನು ಮೀರಬಾರದೆಂದು 2020ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ನಿಯಮ ಮಾಡಿತ್ತು. 2024ರಲ್ಲಿ ಈ ಶುಲ್ಕದ ಗರಿಷ್ಠ ಮಿತಿಯನ್ನೇ ತೆಗೆದಿರುವುದು ಕೂಡು ಕುಟುಂಬಗಳಿಗೆ ಹೊರೆಯಾಗುವ ಕ್ರಮ. ಟ್ರಾಯ್ ಅದನ್ನು ಮರುಪರಿಶೀಲಿಸಬೇಕು.

– ಓರ್ವ ಓದುಗ, ದಾವಣಗೆರೆ