ಟ್ಯಾಬ್ ಕೊಡೋರೇ, ಒಬ್ಬ ಮಿಸ್‌ಗೆ ಸಂಬಳ ಕೊಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಲ್ಲಿ ಒಂದು ಫೋಟೋ ಬಂದಿತ್ತು, ನಮ್ಮ ಕಡೆಯ ಸ್ಕೂಲೊಂದ್ರಲ್ಲಿ ಓದೋದ್ರಲ್ಲಿ ಹಿಂದುಳಿದ ಮಕ್ಕಳಿಗೆ 30 ಟ್ಯಾಬ್ ಹಂಚಿದ್ದು, ಹಾರ ಶಾಲು ಎಲ್ಲ ಜೋರಾಗಿತ್ತು. ಕೊಟ್ಟೋರ ಮನಸ್ಸು ಒಳ್ಳೇದೇ, ಅದಕ್ಕೆ ನಾನೇನೂ ಅನ್ನಲ್ಲ. ಆದ್ರೆ ಟ್ಯಾಬ್ ಹಿಡ್ಕೊಂಡು ಮುಂದೆ ನಿಂತಿದ್ದ ಹುಡುಗನ್ನ ನೋಡಿ ನನ್ನ ಮಗ ನೆನಪಾದ, ಅದಕ್ಕೇ ಬರೀತಿದೀನಿ, ಉದ್ದ ಆದ್ರೆ ಕತ್ತರಿಸ್ಕೊಳ್ಳಿ.

ಇವನು ಮೂರನೇ ಕ್ಲಾಸ್ ತನಕ ಜಾಣ ಅನ್ನಿಸ್ಕೊಂಡೇ ಬಂದ. ನಲಿ-ಕಲಿಯಲ್ಲಿ ಕಾರ್ಡು, ಚಿತ್ರ, ಹಾಡು, ಪಕ್ಕದವನು ಹೇಳಿದ್ದನ್ನ ಕೇಳ್ಕೊಂಡು ಇವನೂ ಹೇಳಿಬಿಡೋನು. (ನಲಿ-ಕಲಿನ ಬೈತಿಲ್ಲ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಇಡೀ ರಾಜ್ಯಕ್ಕೆ ಬಂದ ಪದ್ಧತಿ ಅದು, ನನಗೆ ಇಷ್ಟಾನೇ.) ನಾಲ್ಕನೇ ಕ್ಲಾಸಿಗೆ ಕಾರ್ಡು ಹೋಗಿ ಬರೀ ಪುಸ್ತಕ ಬಂತು ನೋಡಿ, ಅಲ್ಲಿ ಸಿಕ್ಕಿಬಿದ್ದ. ಅದೂ ನನಗೆ ತಕ್ಷಣ ಗೊತ್ತಾಗ್ಲಿಲ್ಲ, ಮನೇಲಿ ಓದೋ ಅಂದ್ರೆ ಗಡಗಡ ಓದ್ತಿದ್ದ. ಒಂದಿನ ಬೇಳೆ ಆರಿಸ್ತಾ ತಿರುಗಿ ನೋಡ್ತೀನಿ, ಇವನು ತೆಗೆದಿಟ್ಕೊಂಡಿರೋದು ಬೇರೆ ಪಾಠದ ಪುಟ! ಅವರಕ್ಕ ಓದಿ ಹೇಳಿದ್ದನ್ನ ಪೂರ್ತಿ ಬಾಯಿಪಾಠ ಮಾಡ್ಕೊಂಡಿದ್ದ. ಸ್ಕೂಲಲ್ಲಿ ಸೋಮಾರಿ ಅಂದ್ರು, ಸುಳ್ಯಾಕೆ, ನಾನೂ ಎರಡು ಬಿಟ್ಟಿದೀನಿ.

ಆಮೇಲೆ ಯಾವುದೋ ಟ್ರಸ್ಟಿನೋರು ಕ್ಯಾಂಪ್ ಮಾಡಿದ್ರು. ಮಗುವಿಗೆ ಹತ್ತು ನಿಮಿಷ, ಒಂದು ಬಿಸ್ಕತ್ ಪ್ಯಾಕು, 'ಕಲಿಕಾ ನ್ಯೂನತೆ ಇರಬಹುದು' ಅಂತ ಒಂದು ಚೀಟಿ, ಸಂಜೆ ವ್ಯಾನ್ ಹತ್ತಿ ಹೋದ್ರು. ಆ ಚೀಟಿ ಇಟ್ಕೊಂಡು ಏನ್ಮಾಡ್ಬೇಕು ಅಂತ ಹೇಳೋರಿಲ್ಲ. ಕೊನೆಗೆ ಅರಸೀಕೆರೇಲಿ ರೈಲು ಹತ್ತಿ ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಗೆ (ವಾಕ್ ಶ್ರವಣ ಸಂಸ್ಥೆ) ಹೋದ್ವಿ, ಅಲ್ಲಿನೋರು ತಾಳ್ಮೆಯಿಂದ ನೋಡಿ ಇದು ಡಿಸ್ಲೆಕ್ಸಿಯಾ, ಬುದ್ಧಿ ಚೆನ್ನಾಗೇ ಇದೆ, ಅಕ್ಷರಕ್ಕೂ ಅದರ ಸದ್ದಿಗೂ ಗಂಟು ಬೀಳ್ತಿಲ್ಲ ಅಷ್ಟೇ ಅಂದ್ರು. 1995ರ ಕಾಯ್ದೆಯಲ್ಲಿ ಇದು ಅಂಗವೈಕಲ್ಯದ ಲೆಕ್ಕದಲ್ಲೇ ಇರಲಿಲ್ವಂತೆ, 2016ರ ಕಾಯ್ದೆ ಬಂದ್ಮೇಲೆ ಅದರ 21 ಅಂಗವೈಕಲ್ಯಗಳ ಪಟ್ಟೀಲಿ ಇದೂ ಒಂದು. ಎಂಟು ವರ್ಷ ತುಂಬಿದ್ರೆ ಸರ್ಟಿಫಿಕೇಟ್ ಮಾಡಿಸ್ಬಹುದು, ಪರೀಕ್ಷೇಲಿ ಗಂಟೆಗೆ 20 ನಿಮಿಷ ಜಾಸ್ತಿ ಸಿಗುತ್ತೆ. ಸರಿ, ಆದ್ರೆ ಓದೋಕೇ ಬರದ ಮಗು ಆ 20 ನಿಮಿಷ ಇಟ್ಕೊಂಡು ಏನ್ಮಾಡ್ಬೇಕು?

ಓದೋಕೆ ಕಲಿಸಿದ್ದು ನಮ್ಮ ಬೀದಿಯದೇ ಹುಡುಗಿ. ಬಿ.ಎಡ್ ಮುಗಿಸಿ ಮನೇಲಿದ್ಲು, ಒಂದು ಸಣ್ಣ ಸಂಸ್ಥೆಯೋರು ಟ್ರೈನಿಂಗ್ ಕೊಟ್ಟು ತಿಂಗಳಿಗೆ 6,000 ಕೊಡ್ತಿದ್ರು. ವಾರಕ್ಕೆ ನಾಲ್ಕು ದಿನ ಸಂಜೆ ಪಂಚಾಯ್ತಿ ಲೈಬ್ರರೀಲಿ (ಈಗ ಅರಿವು ಕೇಂದ್ರ ಅಂತ ಬೋರ್ಡಿದೆ) ಐದೇ ಮಕ್ಕಳು. ಊಟದ ತಟ್ಟೇಲಿ ರಾಗಿ ಹರಡಿ ಬೆರಳಲ್ಲಿ ಬರೆಸೋಳು, ಬರೀತಾ ಬಾಯಲ್ಲಿ ಹೇಳ್ಬೇಕು, ಅಲುಗಿಸಿ ಅಳಿಸ್ಬೇಕು, ಮತ್ತೆ ಬರೀಬೇಕು. ವ, ಪ, ಮ ಮೂರಕ್ಕೇ ಹತ್ತಿರ ಹತ್ತಿರ ಒಂದು ತಿಂಗಳು ಹಿಡೀತು. ಒತ್ತಕ್ಷರ ಅಂತೂ ಇವನ ಕಣ್ಣಿಗೆ ಬೀಳ್ತಾನೇ ಇರಲಿಲ್ಲ, ಅಕ್ಕ ಅಂದ್ರೆ 'ಅಕ', ಕಣ್ಣು ಅಂದ್ರೆ 'ಕಣು'. ಅದಕ್ಕೆ ಅವಳು ಹಳೇ ಲಗ್ನಪತ್ರಿಕೇಲಿ ಒಂದು ಸಣ್ಣ ಕಿಂಡಿ ಕತ್ತರಿಸಿ ಕೊಟ್ಲು, ಪುಟದ ಮೇಲಿಟ್ರೆ ಒಂದೇ ಪದ ಕಾಣುತ್ತೆ, ಒತ್ತಿನ ಸಮೇತ. ಟ್ಯಾಬ್‌ಗಳಲ್ಲಿ ನಾನು ನೋಡಿದ ಆ್ಯಪ್‌ಗಳೆಲ್ಲ ಇಂಗ್ಲಿಷಿನ ಬಿ, ಡಿ ತಿರುವುಮುರುವು ಆಗೋದ್ರ ಬಗ್ಗೆ. ನಮ್ಮಲ್ಲಿ ಕಾಗುಣಿತ, ಒತ್ತು ಎಲ್ಲ ಸೇರಿಸಿದ್ರೆ ಮಗು ಗುರುತಿಡಬೇಕಾದ ಆಕಾರಗಳೇ ನೂರಾರು, ಅದಕ್ಕೆ ಆ ಆ್ಯಪ್ ಏನು ಮಾಡುತ್ತೆ?

ಆರು ತಿಂಗಳಾದ್ಮೇಲೆ ಮತ್ತೆ ಮೈಸೂರಿಗೆ ಹೋಗಿ ವಾಪಸ್ ಬರ್ತಾ ರೈಲು ಹೊಳೆನರಸೀಪುರದಲ್ಲಿ ನಿಂತಿತ್ತು. ಇವನು ಕಿಟಕಿಗೆ ಮುಖ ಒತ್ತಿ ಹೊ... ಳೆ... ನ... ರ... ಅಂತ ಶುರು ಮಾಡಿದ, 'ಸೀ'ಗೆ ಬರೋಷ್ಟ್ರಲ್ಲಿ ರೈಲು ಹೊರಟೋಯ್ತು. 'ಅಮ್ಮಾ, ಇನ್ನೆರಡೇ ಇತ್ತು' ಅಂತ ಹಾಸನದ ತನಕ ಗೊಣಗಿದ.

ಎಂಟು ತಿಂಗಳಿಗೆ ಕ್ಲಾಸ್ ನಿಂತೋಯ್ತು. ದುಡ್ಡು ಕೊಡ್ತಿದ್ದ ಕಂಪನಿಯೋರು ಪುಸ್ತಕ, ಬ್ಯಾಗು, ಕಂಪ್ಯೂಟರ್ ಬೇಕಾದ್ರೆ ಕೊಡ್ತೀವಿ, ಸಂಬಳ ಎಲ್ಲ ಓವರ್‌ಹೆಡ್ಡು (ಆಡಳಿತದ ಖರ್ಚು), ಆಗಲ್ಲ ಅಂದ್ರಂತೆ. ನಾನು ಆಡಿಟರ್ ಆಫೀಸಲ್ಲಿ ಕೆಲಸ ಮಾಡೋಳು, ನನಗೆ ಇದು ಕೇಳಿ ಉರಿದೋಯ್ತು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ 2 ಪರ್ಸೆಂಟ್ ಸಿಎಸ್ಆರ್‌ಗೆ, ಅಂದ್ರೆ ಸಮಾಜದ ಕೆಲಸಕ್ಕೆ, ಖರ್ಚು ಮಾಡ್ಬೇಕು, ಅದ್ರಲ್ಲಿ 5 ಪರ್ಸೆಂಟ್ ಮಿತಿ ಇರೋದು ಕಂಪನಿಯ ಆಡಳಿತದ ಖರ್ಚಿಗೆ, ಯೋಜನೇಲಿ ನೇರವಾಗಿ ಪಾಠ ಮಾಡೋರಿಗೆ ಕೊಡೋದು ಆ ಲೆಕ್ಕಕ್ಕೆ ಬರೋದೇ ಇಲ್ಲ. ಟ್ಯಾಬ್ ಒಂದಕ್ಕೆ 10,000 ಅಂತಿಟ್ಕೊಂಡ್ರೂ 30ಕ್ಕೆ ಮೂರು ಲಕ್ಷ, ಅಂದ್ರೆ ಆ ಹುಡುಗೀಗೆ 50 ತಿಂಗಳ ಸಂಬಳ.

ಇದೇನು ನನ್ನ ಹೊಸ ಐಡಿಯಾ ಅಲ್ಲ. ಮುಂಬೈ, ವಡೋದರಾದಲ್ಲಿ ಪ್ರಥಮ್ ಸಂಸ್ಥೆಯೋರು ಊರಿನ ಹೆಣ್ಣುಮಕ್ಕಳನ್ನೇ 'ಬಾಲಸಖಿ' ಅಂತ ಇಟ್ಕೊಂಡು, ಹಿಂದುಳಿದ ಮಕ್ಕಳಿಗೆ ದಿನಾ ಎರಡು ಗಂಟೆ ಬೇರೆ ಕೂರಿಸಿ ಕಲಿಸಿದ್ರು, ಮಕ್ಕಳ ಕಲಿಕೆ ಸುಧಾರಿಸಿದ್ದನ್ನ 2019ರಲ್ಲಿ ನೊಬೆಲ್ ತಗೊಂಡ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಅವರೇ ಅಳೆದು ನೋಡಿದಾರೆ. ಅದು ಡಿಸ್ಲೆಕ್ಸಿಯಾ ಅಂತ ಮಾಡಿದ್ದಲ್ಲ, ಒಪ್ತೀನಿ, ನಮ್ಮಂಥ ಮಕ್ಕಳಿಗೆ ಇನ್ನೂ ಜಾಸ್ತಿ ದಿನ ಬೇಕು, ಬೇರೆ ಥರ ಟ್ರೈನಿಂಗ್ ಬೇಕು. ಆದ್ರೆ ಪಕ್ಕದಲ್ಲಿ ಒಬ್ಬರು ಕೂತ್ಕೋಬೇಕು ಅನ್ನೋದಂತೂ ಎರಡಕ್ಕೂ ಒಂದೇ. ಕ್ಲಬ್ಬಿನೋರು, ಟ್ರಸ್ಟಿನೋರು, ಕಂಪನಿಯೋರು ಮುಂದಿನ ಸಲ ಕೊಡೋಕೆ ಮುಂಚೆ ಆ ಪಂಚಾಯ್ತಿ ಲೈಬ್ರರೀಲಿ ಒಂದು ಸಂಜೆ ಕೂತು ನೋಡ್ಲಿ, ಎರಡು ವರ್ಷಕ್ಕೆ ಒಬ್ಬ ಮಿಸ್ ಸಂಬಳ ಒಪ್ಕೊಳ್ಲಿ. ನೀವೂ ಅದರ ಫೋಟೋ ಹಾಕಿ, ಹಾರ ಶಾಲು ನಾವೇ ತರ್ತೀವಿ.

ಮಗ ಈಗ ಆರನೇ ಕ್ಲಾಸು, ನಿಧಾನಕ್ಕೆ ಓದ್ತಾನೆ, ಆ ಲಗ್ನಪತ್ರಿಕೆ ಕಿಂಡಿ ಇನ್ನೂ ಜಾಮೆಟ್ರಿ ಬಾಕ್ಸಲ್ಲಿದೆ. ಉಳಿದ ನಾಲ್ಕು ಮಕ್ಕಳಲ್ಲಿ ಇಬ್ಬರು ಸ್ಕೂಲಿಗೆ ಹೋಗೋದೇ ಕಮ್ಮಿ ಮಾಡಿದಾರೆ. ಆ ಹುಡುಗಿ ಹಾಸನದ ಬಟ್ಟೆ ಅಂಗಡೀಲಿ ಬಿಲ್ಲಿಂಗ್‌ನಲ್ಲಿದಾಳೆ, ಕರೆದ್ರೆ ನಾಳೇನೇ ಬರ್ತೀನಿ ಅಕ್ಕಾ ಅಂದ್ಲು.

ಇಂತಿ,
ಒಬ್ಬ ತಾಯಿ, ಅರಸೀಕೆರೆ ತಾಲ್ಲೂಕು